ಕೇಪಿನ ಡಬ್ಬಿ

ಛಂದಸ್ಸಿನ ಪಾಠ ಹೇಳುವವನಿಗೂ ಕೋವಿಯ ಅಂಗಡಿಗೂ ಎಲ್ಲಿಯ ನಂಟು ಎಂದು ಓದುಗರು ನಗಬಹುದು. ನಗಲಿ, ನಾನೂ ನಕ್ಕಿದ್ದೇನೆ. ಲಘು ಗುರು ಎಣಿಸುವ ಬೆರಳುಗಳಿಂದ ತೋಟಾ ಎಣಿಸುವ ಕಾಲ ನನಗೂ ಬಂದೀತೆಂದು ಯಾರು ತಾನೆ ಕಂಡಿದ್ದರು?

ಸಂಗತಿ ಇಷ್ಟೆ. ತೀರ್ಥಹಳ್ಳಿಯ ಕಡೆ ನಮ್ಮದೊಂದು ಒಂಟಿಮನೆ. ಅದರ ಬೆನ್ನಿಗೆ ಅಡಿಕೆಯ ತೋಟ. ಅಪ್ಪಯ್ಯ ತೀರಿಕೊಂಡು ಮೂರು ವರ್ಷವಾಯಿತು. ಅಮ್ಮ ಒಬ್ಬಳೇ ಇದ್ದಾಳೆ. ಶಿವಮೊಗ್ಗಕ್ಕೆ ಬಂದುಬಿಡು ಎಂದರೆ, "ಕೊಟ್ಟಿಗೇನೂ ಹೊತ್ಕೊಂಡು ಹೋಗ್ತೀಯೇನೋ?" ಎನ್ನುತ್ತಾಳೆ. ಕಳೆದ ಕೊಯ್ಲಿನಲ್ಲಿ ಅಲ್ಲೇ ಹತ್ತಿರದ ಮನೆಯೊಂದರ ಅಂಗಳದಲ್ಲಿ ಒಣಗಿದ್ದ ಅಡಿಕೆ ಬೆಳಗಾಗುವುದರೊಳಗೆ ಮಾಯವಾಯಿತು. ಅಡಿಕೆ ಹೋದರೆ ಹೋಗಲಿ. ಕದಿಯಲು ಬಂದವನು ಬಾಗಿಲನ್ನೇ ತಟ್ಟಿದರೆ? ಅಂದಿನಿಂದ ನಿದ್ದೆ ಹೋದದ್ದು ಅಮ್ಮನಿಗಲ್ಲ, ನನಗೆ.

ಮನೆಯಲ್ಲಿ ಕೋವಿ ಇರಲಿಲ್ಲವೆಂದಲ್ಲ. ಅಪ್ಪಯ್ಯನದೊಂದು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿದು, ಕೊನೆಗೆ ಕುದುರೆಯ ಕೆಳಗೆ ಕೇಪು ಇಡಬೇಕಾದ ಮುದಿ ಕೋವಿ. ಲೈಸೆನ್ಸುದಾರ ತೀರಿಕೊಂಡರೆ ಕೋವಿಯನ್ನು ಠಾಣೆಗೋ ಲೈಸೆನ್ಸು ಪಡೆದ ವ್ಯಾಪಾರಿಗೋ ಒಪ್ಪಿಸಬೇಕೆಂಬುದು ಕಾನೂನು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ತವರಿಂದ ಬರುವ ಹೆಂಗಸಿನಂತೆ ಹಿಂದಿರುಗುತ್ತಿದ್ದ ಕೋವಿ, ಆ ಸಲ ಹೋದದ್ದು ಬರಲಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಉಂಟು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಶಿವಮೊಗ್ಗದವರಾದ ನಮಗೆ ಆ ಭಾಗ್ಯವಿಲ್ಲ. 1959ರ ಆಯುಧ ಕಾಯಿದೆಯ ಮೇರೆಗೆ ಅರ್ಜಿ ಕೊಡಬೇಕು, ಪೊಲೀಸರ ವರದಿಯಾಗಬೇಕು. 2016ರ ನಿಯಮಗಳು ಬಂದ ಮೇಲೆ ಆಯುಧ ಬಳಸುವ ತರಬೇತಿಯೂ ಆಗಬೇಕು.

"ಆ ಹಳೇ ಕೋವಿ ಯಾಕೆ ಭಾವಾ, ಪಂಪ್ ಆ್ಯಕ್ಷನ್ ತಗೊಳ್ಳಿ" ಎಂದ ಹೆಂಡತಿಯ ತಮ್ಮ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋದವನು ಒಂದು ಸಂಜೆ ಕೋವಿಯ ಅಂಗಡಿಯೊಂದನ್ನು ಹೊಕ್ಕೆ. ಲೈಸೆನ್ಸಿಲ್ಲದೆ ಕೊಳ್ಳುವಂತಿಲ್ಲ, ನೋಡುವುದಕ್ಕೆ ಅಡ್ಡಿಯಿಲ್ಲವಷ್ಟೆ.

"ಸ್ಟಾಕ್ ಯಾವ ಥರದ್ದು ಬೇಕು ಸಾರ್?" ಎಂದರು ಅಂಗಡಿಯ ಹಿರಿಯರು. ಸ್ಟಾಕ್ ಇದೆಯೇ ಎಂದು ಕೇಳಬೇಕಾದವನು ನಾನು, ಇವರೇಕೆ ನನ್ನನ್ನು ಕೇಳುತ್ತಾರೆ ಎಂದು ಬೆಪ್ಪಾದೆ. ಕೋವಿಯ ಹಿಂದೆ ಭುಜಕ್ಕೆ ಆನಿಸುವ ಮರದ ಭಾಗಕ್ಕೆ ಆ ಹೆಸರಂತೆ. ಅವರು ನಕ್ಕು, ಒಳ್ಳೆಯ ಮೇಷ್ಟರಂತೆ ಪಾಠ ಹೇಳಿದರು. ಹನ್ನೆರಡು ಬೋರ್ ಎಂದರೆ ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಅದರಲ್ಲಿ ಒಂದರ ದಪ್ಪ. ನಳಿಗೆಯ ಅಡಿಯ ಕೊಳವೆಯಲ್ಲಿ ತೋಟಾಗಳು ಸಾಲಾಗಿ ಮಲಗಿರುತ್ತವೆ. ಮುಂಗೈಯ ಹಿಡಿಯನ್ನು ಹಿಂದಕ್ಕೆಳೆದರೆ ಸುಟ್ಟದ್ದು ಹೊರಕ್ಕೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಕ್ಕೆ. ಅಮೆರಿಕದ ರೆಮಿಂಗ್‌ಟನ್ ಕಂಪನಿ 1950ರಲ್ಲಿ ಹೊರತಂದ ಇಂಥದೊಂದು ಮಾದರಿಯೇ ಒಂದು ಕೋಟಿಗೂ ಮೀರಿ ತಯಾರಾಗಿದೆಯಂತೆ. ಖಾಲಿ ಕೋವಿಯನ್ನು ಒಮ್ಮೆ 'ಕ್ರಚಕ್' ಎನ್ನಿಸಿ, "ಈ ಶಬ್ದಕ್ಕೇ ಅರ್ಧ ಕಳ್ಳರು ಓಡ್ತಾರೆ" ಎಂದರು. ಉಳಿದರ್ಧದ ಮಾತು ಆಡಲಿಲ್ಲ.

ಇನ್ನು ಸ್ಟಾಕು. ಪಿಸ್ತೂಲಿನಂತೆ ಬರೀ ಹಿಡಿ ಇರುವುದು ನೋಡಲು ಚೆಂದ, ಇಕ್ಕಟ್ಟಿನಲ್ಲಿ ತಿರುಗಿಸಲು ಸುಲಭ. ಆದರೆ ಭುಜದ ಆಸರೆ ಇಲ್ಲದೆ ಗುರಿ ನಿಲ್ಲದು, ಹಾರಿಸಿದಾಗಿನ ಒದೆತವೆಲ್ಲ ಮಣಿಕಟ್ಟಿಗೆ. ಮಡಿಸುವಂಥದು ಜಾಗ ಉಳಿಸುತ್ತದೆ. ಮನೆಗೆ ಪೂರ್ತಿ ಸ್ಟಾಕೇ ಸರಿ. ಆದರೆ ಟ್ರಿಗರಿನಿಂದ ಅದರ ತುದಿಯವರೆಗಿನ ಉದ್ದ ಹಿಡಿಯುವವರ ತೋಳಿಗೆ ಹೊಂದಬೇಕು.

"ಹಿಡಿಯೋರು ಯಾರು? ನೀವೇ ತಾನೆ?"

"ಅಲ್ಲ, ನಮ್ಮ ತಾಯಿ."

"ಹಾಗಾದ್ರೆ ಲೈಸೆನ್ಸೂ ಅವರ ಹೆಸರಲ್ಲೇ ಆಗಬೇಕು ಸಾರ್. ಎತ್ತರ ಎಷ್ಟು?"

ಐದಡಿಗೆ ಒಂದಿಂಚು ಕಡಿಮೆ. ಎಪ್ಪತ್ತು ವರ್ಷ. ಕೈಯಲ್ಲಿದ್ದ ಕೋವಿಯ ಭಾರ ಮೂರು ಕಿಲೋಕ್ಕೂ ಮೇಲೆ. ಅಮ್ಮನ ತೋಳಿನಳತೆಯನ್ನು ರವಿಕೆಗಲ್ಲದೆ ಇನ್ನಾವುದಕ್ಕೂ ಯಾರೂ ಕೇಳಿರಲಿಲ್ಲ. ಅಳೆದುಕೊಂಡು ಬರುತ್ತೇನೆಂದು ಹೊರಬಿದ್ದೆ.

ಆ ಭಾನುವಾರ ಊರಿಗೆ ಹೋಗಿ ಎಲ್ಲವನ್ನೂ ವಿವರಿಸಿದೆ. ಅಮ್ಮ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಲೇ ಕೇಳಿದಳು. ಆಮೇಲೆ, "ನೀನು ಆಟ ನೋಡಿ ಬಂದ ರಾತ್ರಿ ನೆನಪುಂಟೇನೋ?" ಎಂದಳು.

ನೆನಪಿಲ್ಲದೆ ಏನು? ಪಿಯುಸಿಯಲ್ಲಿದ್ದೆ. ಹೇಳದೆ ಕೇಳದೆ ಯಕ್ಷಗಾನಕ್ಕೆ ಹೋಗಿ, ನಡುರಾತ್ರಿ ದಣಪೆ ದಾಟಿ ಹಿತ್ತಲಿಂದ ನುಸುಳುತ್ತಿದ್ದೆ. "ಯಾರದು?" ಎಂದಿತು ಅಪ್ಪಯ್ಯನ ದನಿ. ಬೈಗುಳಕ್ಕೆ ಹೆದರಿ ಉಸಿರು ಬಿಗಿಹಿಡಿದು ನಿಂತೆ. ಎರಡನೆಯ ಸಲವೂ ಕೇಳಿದರು, ಮೂರನೆಯ ಸಲವೂ. ಅಷ್ಟರಲ್ಲಿ ಇಬ್ಬನಿಗೆ ಸೀನು ಬಂತು. ಅಪ್ಪಯ್ಯ ಬೈಯಲಿಲ್ಲ, ಒಳಗೆ ಹೋಗಿ ಮಲಗಿದರು. ಪಾರಾದೆನೆಂದು ನಾನು ಇಷ್ಟು ವರ್ಷವೂ ತಿಳಿದಿದ್ದೆ.

"ಮಲಗ್ಲಿಲ್ಲ ಅವರು. ಕೋವಿ ಭುಜಕ್ಕೇರಿತ್ತು, ಕೇಪೂ ಇತ್ತು. ಬೆಳಗಿನ ತನಕ ಕೈ ನಡುಗೋದು ನಿಲ್ಲಲಿಲ್ಲ. ಮಾರನೇ ದಿನ ಕೇಪಿನ ಡಬ್ಬಿ ತಂದು, ಇದು ನಿನ್ನ ಹತ್ರ ಇರ್ಲಿ ಅಂತ ಕೊಟ್ಟರು."

ಡಬ್ಬಿಯ ಗುಟ್ಟು ನನಗೆ ಆಗ ತಿಳಿಯಿತು. ಆಮೇಲಿನ ವರ್ಷಗಳಲ್ಲಿ ತೋಟದಲ್ಲಿ ಸದ್ದಾದರೆ ಅಪ್ಪಯ್ಯ ಅಮ್ಮನನ್ನು ಎಬ್ಬಿಸಿ, "ಕೇಪು ಕೊಡೆ" ಎನ್ನುತ್ತಿದ್ದರು. ಅಮ್ಮ ಎದ್ದು, ದೀಪ ಹಾಕಿ, ಅಡುಗೆಮನೆಯಲ್ಲಿ ತಡಕಾಡಿ, "ಕೂಗಿ ನೋಡಿದ್ರಾ? ಯಾರಂತೆ?" ಎಂದು ವಿಚಾರಿಸುವಷ್ಟರಲ್ಲಿ ಹಂದಿಯೋ ಮನುಷ್ಯನೋ ಗದ್ದೆ ದಾಟಿರುತ್ತಿತ್ತು. ಮುದುಕರ ಮರೆವೆಂದು ನಾವು ಮಕ್ಕಳು ಮುಸಿಮುಸಿ ನಗುತ್ತಿದ್ದೆವು. ಅಪ್ಪಯ್ಯನಿಗೆ ಬೇಕಾಗಿದ್ದುದು ಕೇಪಲ್ಲ, ಆ ಹೊತ್ತು. ಅಂಗಡಿಯವರು ನನಗೆ ತೋರಿಸಿದ ಕೋವಿಯ ಹೆಚ್ಚಳವೆಲ್ಲ ಇದ್ದದ್ದು ಆ ಹೊತ್ತನ್ನು ಉಳಿಸುವುದರಲ್ಲಿ.

ಕೋವಿ ಬೇಡವೇ ಬೇಡ ಎಂದು ಯಾರಿಗೂ ಉಪದೇಶಿಸಲಾರೆ. ಕಾಡಿನಂಚಿನಲ್ಲಿ ಬಾಳುವವರ ಕಷ್ಟ ನನಗೆ ಗೊತ್ತು. ನಾನಂತೂ ಅಂಗಳದ ಎರಡು ಮೂಲೆಗೂ ದೀಪ ಹಾಕಿಸಿ, ಹಿತ್ತಲ ಬಾಗಿಲಿಗೆ ಹಲಸಿನ ಅಗುಳಿ ಮಾಡಿಸಿ, ಒಂದು ನಾಯಿಮರಿ ತಂದುಕೊಟ್ಟೆ. ನನ್ನ ಭಯ ಪೂರ್ತಿ ಹೋಗಿಲ್ಲ. ಮಳೆಯ ರಾತ್ರಿ ಫೋನು ಸಿಗದಿದ್ದರೆ ಈಗಲೂ ಎದ್ದು ಕೂರುತ್ತೇನೆ.

ಕಾಲೇಜಿಗೆ ಹೋಗುವ ನನ್ನ ಮಗ ರಜೆಯಲ್ಲಿ ಅಜ್ಜಿಯ ಮನೆಗೆ ಕೊನೆಯ ಬಸ್ಸಿಗೆ ಹೋಗುತ್ತಾನೆ. ಎಷ್ಟೇ ಹೊತ್ತಾಗಲಿ, ದಣಪೆಯ ಹತ್ತಿರವೇ ನಿಂತು "ಅಜ್ಜೀ, ನಾನು" ಎಂದು ಕೂಗಬೇಕೆಂದು ಹೇಳಿ ಕಳಿಸುತ್ತೇನೆ. ಏಕೆಂದು ಅವನು ಇನ್ನೂ ಕೇಳಿಲ್ಲ.