ಓತಿಯ ಬೆನ್ನು ಹತ್ತಿ

ಹಕ್ಕಿ ನೋಡುವವರಿಗೆ ಸಮಾಜದಲ್ಲಿ ಒಂದು ಮರ್ಯಾದೆ ಇದೆ. ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ದೇವರಾಯನದುರ್ಗದ ಕಡೆ ಹೊರಟರೆ ಟೀ ಅಂಗಡಿಯಾತನೇ 'ಯಾವ ಹಕ್ಕಿ ಬಂದೈತೆ ಸಾರ್?' ಎಂದು ವಿಚಾರಿಸುತ್ತಾನೆ. 'ಹಕ್ಕಿ ಅಲ್ಲಪ್ಪ, ಓತಿಕ್ಯಾತ' ಎಂದು ಹೇಳಿ ನೋಡಿ. ಬೆಂಚಿನ ಮೇಲೆ ಕೂತಿದ್ದವರು ಒಂದು ಗೇಣು ಆಚೆ ಸರಿಯುತ್ತಾರೆ. ಓತಿ, ಹಲ್ಲಿ, ಹಾವುರಾಣಿಗಳ ಕುಲಗೋತ್ರ ಪತ್ತೆ ಹಚ್ಚುವುದು ನನ್ನ ಭಾನುವಾರಗಳ ಕಸುಬು. ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ, ನಾನು ತಕರಾರು ಮಾಡುವುದಿಲ್ಲ.

ಓತಿ ನೋಡಬೇಕೆಂದರೆ ರಾಜಸ್ಥಾನಕ್ಕೇ ಹೋಗಬೇಕು ಎನ್ನುವ ಗೆಳೆಯರಿದ್ದಾರೆ. ಥಾರ್ ಮರುಭೂಮಿಯಲ್ಲಿ ಮುಳ್ಳುಬಾಲದ ಸಾಂಡಾ ಇದೆ, ನಿಜ. ಬಸ್‌ಸ್ಟ್ಯಾಂಡಿನ ಪಕ್ಕ ಕೂಗಿ ಮಾರುವ 'ಸಾಂಡಾ ಎಣ್ಣೆ' ಆ ಬಡಪಾಯಿಯ ಕೊಬ್ಬಿನ ಹೆಸರಿನಲ್ಲಿ ನಡೆಯುವ ವ್ಯಾಪಾರ. ಲೋಂಗೆವಾಲಾದ ಹೆಸರು ಹೊತ್ತು, ಮರಳಿನೊಳಗೆ ಹೂತುಕೊಳ್ಳುವ ಕಪ್ಪೆಮೋರೆಯ ಓತಿಯೂ ಅಲ್ಲಿದೆ. ಇರಲಿ. ತೇಜಸ್ವಿಯವರ 'ಕರ್ವಾಲೊ' ಓದಿದವರು ಹಾರುವ ಓತಿಗಾಗಿ ಮಲೆನಾಡಿನ ಮರಗಳನ್ನು ದಿಟ್ಟಿಸುತ್ತಾರೆ, ಅದೂ ಇರಲಿ. ಬಿಸಿಲು, ಮೈ ಅಡಗಿಸಲು ಒಂದು ಸಂದು, ಕೂತು ನಾಲ್ಕು ದಿಕ್ಕು ನೋಡಲು ಒಂದು ಎತ್ತರ, ಇಷ್ಟಿದ್ದರೆ ಓತಿಗೆ ಸಂಸಾರ ಹೂಡಲು ಸಾಕು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಮಳೆಗೆ ಬರ ಬಂದೀತು, ಇವಕ್ಕೆ ಬಂದಿಲ್ಲ.

ಕ್ಯಾತ್ಸಂದ್ರದಾಚೆ ಸಿದ್ಧಗಂಗೆಯ ಬೆಟ್ಟದ ಕಡೆ, ಇಲ್ಲವೇ ಹುಲಿಯೂರುದುರ್ಗದ ಬಂಡೆಗಳ ಬಳಿ, ಮೇ ತಿಂಗಳ ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೋಗಿ ನಿಲ್ಲಿ. ಕಲ್ಲು ಕಾಯುತ್ತಿದ್ದಂತೆ ಬಂಡೆ ಓತಿಯ ಗಂಡು ಮೇಲೇರುತ್ತದೆ. ಬೆನ್ನು ಕೆಂಡದಂಥ ಕೆಂಪು, ಪಕ್ಕೆಗಳು ಮಸಿಗಪ್ಪು. ಏರಿದ್ದೇ ತಡ, ಗರಡಿಯ ಪೈಲ್ವಾನನ ಹಾಗೆ ದಂಡ ಹೊಡೆಯಲು ಶುರು. ಅಲ್ಲೇ ಎರಡು ಮಾರು ಕೆಳಗೆ, ಬಂಡೆಯ ಬಣ್ಣವನ್ನೇ ಹೊದ್ದು ಚುಕ್ಕೆಚುಕ್ಕೆಯಾಗಿ ಕೂತದ್ದು ಅದರ ಹೆಣ್ಣು. ಹೊಸಬರು ಇವೆರಡನ್ನೂ ಬೇರೆ ಬೇರೆ ಜಾತಿ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಸಂತಾನದ ಕಾಲ ಮುಗಿದ ಮೇಲೆ ಗಂಡೂ ಬಣ್ಣ ಕಳಚಿ ಮಂಕಾಗುವುದರಿಂದ ಗೊಂದಲ ಇನ್ನಷ್ಟು. ಸಾಲದ್ದಕ್ಕೆ, ಎದುರಿಗೆ ಬಂದದ್ದು ಹೆಣ್ಣೋ ಎದುರಾಳಿಯೋ ಎಂಬುದರ ಮೇಲೆ ಗಂಡಿನ ಬಣ್ಣ ನೋಡನೋಡುತ್ತಲೇ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಸಂಗಡಿಗರು ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಊರಂಚಿನಲ್ಲಿ ಬೆಳೆದ ಬಂಡೆ ಓತಿಗಳು ಸುರಕ್ಷಿತ ಅಡಗುತಾಣ ಯಾವುದೆಂದು ಹಳ್ಳಿಗಾಡಿನವಕ್ಕಿಂತ ಬೇಗ ಕಲಿಯುತ್ತವೆ ಎಂದು ಅವರು 2019ರಲ್ಲಿ ಪ್ರಕಟಿಸಿದರು. ನಮ್ಮ ಬಡಾವಣೆಗಳ ಕಾಂಪೌಂಡ್ ಗೋಡೆಯ ಮೇಲೆ ಕೂತು, ನಾಯಿಯನ್ನೂ ಸ್ಕೂಟರನ್ನೂ ಅಳೆದು ನೋಡುವ ಓತಿಯ ಠೀವಿ ಕಂಡವರಿಗೆ ಇದು ಆಶ್ಚರ್ಯವೆನಿಸದು.

ಹಾಗಾಗಿ ಬಣ್ಣ ನಂಬಿ ಹೆಸರು ಹೇಳಬಾರದು. ಈ ವಿದ್ಯೆಯ ಮೊದಲ ಪಾಠ ಅದೇ, ರುಚಿಯೂ ಅದರಲ್ಲೇ ಇದೆ. ಮಾಲ್ಕಮ್ ಸ್ಮಿತ್ ಎಂಬ ಮಹನೀಯ 1935ರಲ್ಲಿ ಭಾರತದ ಹಲ್ಲಿ-ಓತಿಗಳ ಮೇಲೆ ಬರೆದ ಹೊತ್ತಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ನಮ್ಮ ಬಂಡೆ ಓತಿಯನ್ನು ಪೂರ್ವಘಟ್ಟದ ಅದರ ದಾಯಾದಿಯಿಂದ ಬೇರ್ಪಡಿಸಲು ಆತ ನಡುಮೈ ಸುತ್ತಲಿನ ಹುರುಪೆಗಳನ್ನು ಎಣಿಸಿದ. ಇದಕ್ಕೆ ನೂರಹದಿನೈದರ ಮೇಲೆ, ಅದಕ್ಕೆ ನೂರರೊಳಗೆ. ಬೇಲಿಯ ಓತಿಕ್ಯಾತದ ಕಿವಿಯ ಮೇಲೆ ಎರಡು ಪುಟ್ಟ ಮುಳ್ಳುಗಳಿವೆ, ಬೆನ್ನುದ್ದಕ್ಕೂ ಗರಗಸದ ಸಾಲಿದೆ. ಬಂಡೆ ಓತಿಗೆ ಆ ಗರಗಸವಿಲ್ಲ. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ ಎಂದು ಗಾದೆ ಕಟ್ಟಿದವರು ಅದು ಕೂರುವ ಜಾಗವನ್ನು ಸರಿಯಾಗಿಯೇ ಗಮನಿಸಿದ್ದರು.

ಗೋಸುಂಬೆಯದು ಸುಲಭ. ಬೆರಳುಗಳು ಎರಡು-ಮೂರರಂತೆ ಕಂತೆಗಟ್ಟಿರುತ್ತವೆ, ಬಾಲ ಕೊಂಬೆಗೆ ಸುತ್ತಿಕೊಳ್ಳುತ್ತದೆ, ಭಾರತದಲ್ಲಿರುವುದೇ ಒಂದು ಜಾತಿ. ಉಡವನ್ನು ಗುರುತಿಸಲು ಯಾವ ವಿದ್ಯೆಯೂ ಬೇಡ. ಅದನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದು ತಿಳಿದಿದ್ದರೆ ಸಾಕು.

ನನಗೆ ಹೆಚ್ಚು ಇಷ್ಟ ಗುಬ್ಬಿ ಕಡೆಯ ಕಾವಲುಗಳು. ಕಂದಾಯದ ಕಾಗದದಲ್ಲಿ ಬೀಳು, ಖರಾಬು ಎಂದು ಬರೆದುಬಿಟ್ಟ ನೆಲದಲ್ಲಿ ಬೀಸಣಿಗೆ ಗಂಟಲಿನ ಓತಿ ಕಲ್ಲಿನ ಮೇಲೆ ಸೆಟೆದು ನಿಂತು, ಗದ್ದದಡಿಯ ಚರ್ಮವನ್ನು ಬಿಚ್ಚಿ ಮಡಚಿ ಬಿಚ್ಚಿ ಹೆಣ್ಣನ್ನು ಕರೆಯುತ್ತದೆ. ಹಿಂಗಾಲಿಗೆ ನಾಲ್ಕೇ ಬೆರಳು. ನಮ್ಮ ಉಳಿದ ಓತಿಗಳಿಗೆ ಐದು. ಫೋಟೊ ದೊಡ್ಡದು ಮಾಡಿ ಆ ನಾಲ್ಕು ಬೆರಳು ಸಿಕ್ಕ ಕ್ಷಣದ ಸುಖವನ್ನು ಪದಬಂಧ ಬಿಡಿಸುವವರು ಬಲ್ಲರು. ಇದೇ ಬಳಗದಲ್ಲಿ ನೀಲಿ, ಕಪ್ಪು, ಕೇಸರಿ ಬೀಸಣಿಗೆಯವನ್ನು 2016ರಲ್ಲಿ ದೀಪಕ್, ವರದ ಗಿರಿ ಮೊದಲಾದವರು 'ಸರದಾ' ಎಂಬ ಬೇರೆ ಕುಲಕ್ಕೇ ಸೇರಿಸಿದರು. ಅವನ್ನು ನೋಡಲು ಉತ್ತರ ಕರ್ನಾಟಕಕ್ಕೆ, ಸಾತಾರಾದ ಕಡೆಗೆ ಹೋಗಬೇಕು. ಇತ್ತ ಗುಬ್ಬಿಯ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2023ರಿಂದ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಕಾರ್ಖಾನೆ ಬೇಡವೆನ್ನುವವ ನಾನಲ್ಲ. ಕಾವಲೆಂದರೆ ಖಾಲಿ ಜಾಗ ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ಅದೇ ಹುಲ್ಲಿನಲ್ಲಿ ಸರ್ರನೆ ಓಡುವ ಇನ್ನೊಂದಿದೆ, ಒಫಿಸಾಪ್ಸ್. ಪಕ್ಕೆಯಲ್ಲಿ ತಿಳಿ ಗೆರೆಗಳು. ಜನ ಇದನ್ನೂ ಹಾವುರಾಣಿಯ ಮರಿ ಎನ್ನುತ್ತಾರೆ. ಹಾವುರಾಣಿಯ ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ, ಇದರದ್ದು ಒರಟು. ಹಾವುರಾಣಿ ರೆಪ್ಪೆ ಬಡಿಯುತ್ತದೆ, ಇದರ ರೆಪ್ಪೆಗಳು ಕೂಡಿಕೊಂಡು ಪಾರದರ್ಶಕವಾಗಿವೆ, ಹಾವಿನ ಕಣ್ಣಿನ ಹಾಗೇ. ಎರಡಕ್ಕೂ ವಿಷವಿಲ್ಲ. ಈ ಮಾತನ್ನು ನಮ್ಮೂರಲ್ಲಿ ಒಬ್ಬರೂ ನಂಬುವುದಿಲ್ಲ.

ಹಲ್ಲಿಗಳ ವಿದ್ಯೆಯನ್ನು ಮನೆಯಲ್ಲೇ ಶುರು ಮಾಡಬಹುದು. ರಾತ್ರಿ ಕಿಟಕಿ ಗಾಜಿನ ಆಚೆ ಹಲ್ಲಿ ಬಂದಾಗ ಈಚೆಯಿಂದ ಟಾರ್ಚ್ ಹಿಡಿದು ಅದರ ಬೆರಳಿನಡಿಯ ಪಟ್ಟಿಗಳನ್ನು ಎಣಿಸಿ. ಜಾತಿ ಹೇಳುವ ಲೆಕ್ಕಗಳಲ್ಲಿ ಅದೂ ಒಂದು. ಆಮೇಲೆ ಬಯಲಿಗೆ ಬನ್ನಿ. ಹುತ್ತದ ಬಳಿ, ಚಪ್ಪಡಿಗಳಡಿಯಲ್ಲಿ ಅಡ್ಡಪಟ್ಟೆಯ ನೆಲಹಲ್ಲಿಗಳಿವೆ. ಒಂದೇ ಜಾತಿ ಎಂದುಕೊಂಡಿದ್ದ ಈ ಗುಂಪಿನಿಂದ ಒಂದನ್ನು 2018ರಲ್ಲಿ ಬೇರ್ಪಡಿಸಿ ಅದಕ್ಕೆ ಉರಗತಜ್ಞ ರೋಮುಲಸ್ ವಿಟೇಕರ್ ಅವರ ಹೆಸರಿಟ್ಟರು. ಹೆಸರಿಡುವ ಕೆಲಸ ಇನ್ನೂ ಮುಗಿದಿಲ್ಲ, ನೀವೂ ಬಂದರೆ ಒಳ್ಳೆಯದೇ. ಬರುವವರಲ್ಲಿ ಒಂದು ಬಿನ್ನಹ: ಚಪ್ಪಡಿಗಳಡಿ ಚೇಳೂ ಇರುತ್ತದೆ, ಕೈ ಹಾಕಬೇಡಿ. ಎತ್ತಿದ ಕಲ್ಲನ್ನು ಮೊದಲಿದ್ದ ಹಾಗೇ, ಅದೇ ಮಗ್ಗುಲಿಗೆ ಇಟ್ಟು ಬನ್ನಿ.