ಮುಂಜಾನೆಯ ಸೈಕಲ್

ನಲವತ್ತು ದಾಟಿದ ಮನುಷ್ಯ ಸೈಕಲ್ ಏರಿದರೆ ನಮ್ಮೂರಿನಲ್ಲಿ ಅದಕ್ಕೆ ಎರಡೇ ಅರ್ಥ. ಒಂದೋ ಅವನ ವ್ಯಾಪಾರ ಮುಳುಗಿದೆ, ಇಲ್ಲವೇ ಅವನಿಗೆ ಸಕ್ಕರೆ ಕಾಯಿಲೆ ಬಂದಿದೆ. ನಾವು ಎರಡನೆಯ ಪೈಕಿ. ಹಳೇ ಹುಬ್ಬಳ್ಳಿಯ ಓಣಿಯಿಂದ ಮೊದಲ ದಿನ ಹೊರಬಿದ್ದಾಗ ಹಾಲಿನಂಗಡಿಯ ಮುಂದೆ ನಿಂತಿದ್ದ ಗೆಳೆಯರು, "ಯಾಕ್ರೀ ಸಾಹೇಬ್ರ, ಗಾಡಿ ಮಾರಿದ್ರೇನು?" ಎಂದು ಕನಿಕರದಿಂದಲೇ ಕೇಳಿದರು. ಉರ್ದು ಓದಿದವರಿಗೆ ಪತ್ರಸ್ ಬುಖಾರಿಯವರ 'ಮರ್ಹೂಮ್ ಕೀ ಯಾದ್ ಮೇಂ' ಗೊತ್ತಿರುತ್ತದೆ. ಅದರಲ್ಲಿ ಹಳೆಯ ಸೈಕಲ್ಲೊಂದರ ಕಾಟ ತಾಳಲಾರದೆ ಮಾಲೀಕ ಕೊನೆಗೆ ಅದನ್ನು ನದಿಗೆ ಎಸೆದುಬಿಡುತ್ತಾನೆ. ಆ ಮುಂಜಾನೆ ಏದುಸಿರು ಬಿಡುತ್ತ ಉಣಕಲ್ ಕೆರೆಯ ದಂಡೆ ಮುಟ್ಟಿದಾಗ ನಮಗೂ ಅದೇ ವಿಚಾರ ಬಂದಿತ್ತು.

ವ್ಯಾಯಾಮಕ್ಕೆ ಸಮಯವಿಲ್ಲ ಎಂದು ನಾವು ವರ್ಷಗಟ್ಟಲೆ ಹೇಳಿಕೊಂಡು ಬಂದವರು. ಹಗಲು ನೌಕರಿ, ಸಂಜೆ ಬರವಣಿಗೆ, ನಡುವೆ ಮದುವೆ, ಅಖೀಖಾ, ಮಯ್ಯತ್ತು. ವೈದ್ಯರು ವಾದಕ್ಕಿಳಿಯಲಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆವರಬೇಕು ಎಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕವೂ ಅದೇ: 150ರಿಂದ 300 ನಿಮಿಷ. ಐದು ದಿನಕ್ಕೆ ಹಂಚಿದರೆ ದಿನಕ್ಕೆ ಅರ್ಧ ಗಂಟೆ. ಒಂದು ಕಪ್ ಚಹಾದ ಮುಂದೆ ಒಂದು ತಾಸು ಕೂಡ್ರುವ ನಾವು ಅರ್ಧ ಗಂಟೆ ಇಲ್ಲ ಎಂದು ಯಾವ ಬಾಯಿಂದ ಹೇಳುವುದು? ಹೇಗೂ ಫಜರ್ ನಮಾಜಿಗೆ ಏಳುತ್ತೇವೆ. ಮರಳಿ ಹಾಸಿಗೆ ಸೇರುವ ಬದಲು ಸೈಕಲ್ ಸೇರುವುದೆಂದು ನಿಶ್ಚಯಿಸಿದೆವು. ಹೊಸ ಅಭ್ಯಾಸವೊಂದನ್ನು ಹಳೆಯ ಅಭ್ಯಾಸದ ಬೆನ್ನಿಗೆ ಕಟ್ಟಿದರೆ ಅದು ಬೀಳುವುದಿಲ್ಲ ಎಂಬುದು ನಮಗೆ ಹೀಗೆ ತಿಳಿಯಿತು.

ಆದರೂ ಮೊದಲ ವಾರ ನಾಲ್ಕು ಕಿಲೋಮೀಟರಿಗೇ ತೊಡೆ ಕಟ್ಟಿಕೊಂಡು, ಇದು ವಯಸ್ಸಿನ ಗುಣವೆಂದು ನಿರಾಶರಾದೆವು. ಓಣಿಯ ತುದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಚಾಚಾ ಹಿಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ದಮ್ ತುಮಾರಾ ನಯ್ ಗಯಾ ಬೇಟಾ, ಹವಾ ಟಾಯರ್ ಕೀ ಗಯೀ" ಎಂದು ನಕ್ಕರು. ಗಾಳಿ ಹಾಕಿದರು. ಸೀಟು ಎರಡು ಬೆರಳು ಎತ್ತರಿಸಿದರು. ಪೆಡಲ್ ಕೆಳಗಿಳಿದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಸೀಟು ತಗ್ಗಿದ್ದರೆ ಮೊಣಕಾಲು ಹಾಳಾಗುತ್ತದೆ ಎಂದು ತಿಳಿಸಿಕೊಟ್ಟರು. ಪಂಕ್ಚರ್ ತಿದ್ದುವವರು ಎಂದು ನಮ್ಮ ಜನರನ್ನು ಹಂಗಿಸುವುದು ಈಗೀಗ ಕೆಲವರಿಗೆ ಚಟವಾಗಿದೆ. ಆ ಕಸುಬಿನ ಕೈಯಲ್ಲಿ ಎಷ್ಟು ವಿದ್ಯೆಯಿದೆ ಎಂಬುದು ಮೊಣಕಾಲು ಉಳಿಸಿಕೊಂಡ ನಮಗೆ ಗೊತ್ತು.

ಮುಂದಿನದು ತಾಳ್ಮೆಯ ಕೆಲಸ. ಪ್ರತಿ ವಾರ ಒಂದೆರಡು ಕಿಲೋಮೀಟರ್ ಮಾತ್ರ ಹೆಚ್ಚಿಸುವುದು. ತುಳಿಯುವಾಗ ಪಕ್ಕದವರೊಡನೆ ಮಾತನಾಡುವಷ್ಟು ಉಸಿರು ಉಳಿದಿರಬೇಕು. ವಾರದಲ್ಲಿ ಎರಡು ದಿನ ಕಾಲಿಗೆ ರಜೆ. ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ ಎಂದು ಒಂದೊಂದೇ ಊರು ನಮ್ಮ ಲೆಕ್ಕಕ್ಕೆ ಸೇರಿದವು. ಭೈರಿದೇವರಕೊಪ್ಪದಲ್ಲಿ ಒಂದು ಕಾಲು ಊರಿ ಫಾತಿಹಾ ಓದುತ್ತೇವೆ. ಅಲ್ಲಿದ್ದ ದರ್ಗಾ ರಸ್ತೆ ಅಗಲೀಕರಣಕ್ಕೆ 2022ರ ಡಿಸೆಂಬರಿನಲ್ಲಿ ತೆರವಾಯಿತು. 2018ರ ಅಕ್ಟೋಬರಿನಲ್ಲಿ ಓಡತೊಡಗಿದ ಚಿಗರಿ ಬಸ್ಸುಗಳು ತಮ್ಮದೇ ದಾರಿಯಲ್ಲಿ ನಮ್ಮನ್ನು ಹಿಂದೆ ಹಾಕಿ ಹೋಗುತ್ತವೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿರುವುದು ಬಸ್ಸಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ, ತೊಡೆಗೆ ತಿಳಿಯುತ್ತದೆ. ಮಳೆಗಾಲದಲ್ಲಿ ಪಡುವಣ ಗಾಳಿ ಎದೆಗೇ ಬಡಿಯುತ್ತದೆ. ನಾಲ್ಕನೆಯ ತಿಂಗಳಿಗೆ ಜ್ಯುಬಿಲಿ ಸರ್ಕಲ್ ಮುಟ್ಟಿದೆವು. ಸಕ್ಕರೆ ಇಳಿಸಲು ಹೋದವರು ಸಂತೋಷಕ್ಕೆ ಪೇಡೆ ಕಟ್ಟಿಸಿಕೊಂಡು ಬಂದೆವು ಎಂಬುದನ್ನು ವೈದ್ಯರಿಗೆ ಹೇಳಿಲ್ಲ. ರಮಜಾನಿನಲ್ಲಿ ಮಾತ್ರ ದೂರದ ಹಟ ಬಿಟ್ಟು, ವೈದ್ಯರನ್ನು ಕೇಳಿಕೊಂಡು, ಇಫ್ತಾರ್ ಮುಗಿದ ಮೇಲೆ ಓಣಿಯಲ್ಲೇ ನಿಧಾನವಾಗಿ ಒಂದೆರಡು ಸುತ್ತು.

ಈಗ ಊರೂರಲ್ಲಿ ದೂರದ ಸೈಕಲ್ ಸವಾರಿಯ ಹುಮ್ಮಸ್ಸು ಎದ್ದಿದೆ. ಹದಿಮೂರೂವರೆ ತಾಸಿನೊಳಗೆ 200 ಕಿಲೋಮೀಟರ್ ಮುಗಿಸಿದವರ ಕಾರ್ಡಿಗೆ ಮುದ್ರೆ ಬೀಳುತ್ತದೆ. ಅಂದರೆ ಹುಬ್ಬಳ್ಳಿ-ಧಾರವಾಡ ಹೋಗಿಬರುವುದು ಐದು ಸಲ. ನಮಗೂ ಆ ಆಸೆ ಇದೆ. ಆದರೆ ಸುತ್ತಲಿನ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಸೈಕಲ್ ಮೇಲೆ ಗೌಂಡಿ ಕೆಲಸಕ್ಕೆ ಬರುವವರನ್ನು ದಿನಾ ಎದುರಾಗುತ್ತೇವೆ. ಅವರ ಕಾರ್ಡಿಗೆ ಯಾರೂ ಮುದ್ರೆ ಒತ್ತುವುದಿಲ್ಲ. ನಾವು ಬೆವರಲು ತುಳಿಯುತ್ತೇವೆ, ಅವರು ಬೆವರು ಸುರಿಸುವ ಕೆಲಸ ಮುಟ್ಟಲು ತುಳಿಯುತ್ತಾರೆ.

ಇಷ್ಟು ಬರೆದು ನಿಲ್ಲಿಸಿದ್ದರೆ ಇದು ನಮ್ಮ ಸಾಹಸದ ಕಥೆಯಾಗುತ್ತಿತ್ತು. ಹೇಳಬೇಕಾದ್ದು ಇನ್ನೊಂದಿದೆ. 2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಮರುವರ್ಷ ನಮ್ಮ ಕಿರಿಯ ತಂಗಿಗೂ ಒಂದು ಬಂತು. ಬಿದ್ದು, ಮೊಣಕೈ ಕೆತ್ತಿಸಿಕೊಂಡು ಒಂದೇ ವಾರದಲ್ಲಿ ಕಲಿತಳು. ಶಾಲೆಗೆ ಹೋಗುವಾಗ ಗಂಟೆ ಬಾರಿಸುತ್ತ ಓಣಿ ದಾಟುತ್ತಿದ್ದಳು. ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ, ಹುಡುಗಿ ದೊಡ್ಡವಳಾದಳು, ಇನ್ನು ಸೈಕಲ್ ಸಾಕು ಎಂದು ಅಮ್ಮಿಗೆ ಹೇಳಿದವರು ನಾವು. ಮೌಲ್ವಿಗಳು ಹೇಳಿರಲಿಲ್ಲ, ಓಣಿಯ ಹಿರಿಯರು ಹೇಳಿರಲಿಲ್ಲ. ಆ ಹೊತ್ತಿಗೆ ಪತ್ರಿಕೆಗಳಲ್ಲಿ ಹೆಣ್ಣಿನ ಬಿಡುಗಡೆಯ ಕಥೆ ಬರೆಯುತ್ತಿದ್ದವರೂ ನಾವೇ. ಅವಳು ವಾದ ಮಾಡಲಿಲ್ಲ. ಸೈಕಲ್ ಕೆಲವು ತಿಂಗಳು ಹಿತ್ತಿಲ ಗೋಡೆಗೆ ಒರಗಿ ನಿಂತು ಮಳೆಗೆ ತುಕ್ಕು ಹಿಡಿಯಿತು, ಆಮೇಲೆ ಮಾರಿಬಿಟ್ಟೆವು. ಕೋವಿಡ್ ಬಂದ ಮೇಲೆ ಸರಕಾರದ ಆ ಯೋಜನೆಯೂ ನಿಂತಿತು.

ಈಗ ಅವಳಿಗೆ ಮೂವತ್ತೊಂದು, ಇಬ್ಬರು ಮಕ್ಕಳು. ಕಳೆದ ಬಕ್ರೀದಿಗೆ ತವರಿಗೆ ಬಂದವಳು, ತನ್ನ ರಕ್ತದಲ್ಲೂ ಸಕ್ಕರೆ ಏರಿದೆ, ವೈದ್ಯರು ಬೆವರಬೇಕು ಅಂದಿದ್ದಾರೆ ಎಂದಳು. ಮನೆತನದ ಕಾಯಿಲೆ ಗಂಡು ಹೆಣ್ಣೆಂದು ಭೇದ ಮಾಡುವುದಿಲ್ಲ, ಭೇದ ಇರುವುದು ಔಷಧಿಯಲ್ಲಿ. ನಮಗೆ ಸಿಕ್ಕ ಔಷಧಿಯನ್ನು ಅವಳ ಕೈಯಿಂದ ಕಸಿದುಕೊಂಡವರು ನಾವು. ಮರುದಿನ ಫಜರ್ ಆದ ಮೇಲೆ ಚಾಚಾನ ಅಂಗಡಿಯಿಂದ ಒಂದು ಸಾದಾ ಲೇಡೀಸ್ ಸೈಕಲ್ ಬಾಡಿಗೆಗೆ ತಂದೆವು. ಬುರ್ಖಾದ ಅಂಚು ಚೈನಿಗೆ ಸಿಗದಂತೆ ಅವಳು ಪಿನ್ನು ಹಾಕಿಕೊಂಡಳು. ಹದಿನೈದು ವರ್ಷ ಬಿಟ್ಟಿದ್ದರೂ ಕಾಲಿಗೆ ಮರೆತಿರಲಿಲ್ಲ. ಉಣಕಲ್ ಕೆರೆಯವರೆಗೆ ನಾವೇ ಹಿಂದೆ ಬಿದ್ದೆವು.

ಕೆರೆಯ ದಂಡೆಯ ಮೇಲೆ ನೀರು ಕುಡಿಯುತ್ತ ಅವಳು, "ಭಾಯಿಜಾನ್, ನನ್ನ ಸೈಕಲ್ ಎಷ್ಟಕ್ಕೆ ಮಾರಿದ್ರಿ?" ಎಂದು ಕೇಳಿದಳು.

"ನಾನೂರು" ಎಂದೆವು.

ಅವಳು ಬಾಟಲಿಯ ಮುಚ್ಚಳ ತಿರುಗಿಸಿ, ಏನೂ ಅನ್ನದೆ ಸೈಕಲ್ ಏರಿದಳು. ಮನೆಯ ಕಡೆಗಲ್ಲ, ಭೈರಿದೇವರಕೊಪ್ಪದ ಕಡೆಗೆ.