ಹೀರೋ ಕಾರೂ, ಅಪ್ಪನ ಹೆಬ್ಬೆರಳೂ

ಪಿ.ಯು.ಸಿ.ಯಲ್ಲಿ ನಾನು ಕಾಮರ್ಸ್ ವಿದ್ಯಾರ್ಥಿ. ಅಕೌಂಟೆನ್ಸಿ ಮೇಷ್ಟ್ರು ಬೋರ್ಡಿನ ಮೇಲೆ ‘ಸವಕಳಿ’ ಎಂದು ಬರೆದ ದಿನ ನಾನು ಕ್ಲಾಸಿನಲ್ಲಿರಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಮ್ಯಾಟಿನಿ ಟಿಕೆಟ್ಟಿಗೆ ಕ್ಯೂ ನಿಂತಿದ್ದೆ. ಆಮೇಲೆ ಕಾಲೇಜೇ ಬಿಟ್ಟೆ. ಅಂದು ತಪ್ಪಿಸಿಕೊಂಡ ಪಾಠ ಹತ್ತು ವರ್ಷ ಹೊಂಚು ಹಾಕಿ ಕಾದು, 2025ರ ನವೆಂಬರಿನಲ್ಲಿ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನನ್ನ ಕಾಲರ್ ಹಿಡಿಯಿತು!

ಗೆಳೆಯರೇ, ನಿಮ್ಮ ಹಾಗೇ ನಾನೂ ಸಿನಿಮಾ ಹುಚ್ಚ. ಹೀರೋ ಧೂಳೆಬ್ಬಿಸಿಕೊಂಡು ಬಂದು, ಗಾಡಿಯನ್ನು ಅಡ್ಡ ತಿರುಗಿಸಿ ನಿಲ್ಲಿಸಿ ಇಳಿಯುವಾಗ ಶಿಳ್ಳೆ ಹೊಡೆದವನು. ಪೇಜಿಗಿಷ್ಟು ಎಂದು ಸಂಭಾವನೆ ಪಡೆಯುವ ಬಿಡಿ ಬರಹಗಾರನಿಗೂ ಅಂಥ ಒಂದು ಎಂಟ್ರಿ ಬೇಕು ಅನ್ನಿಸಬಾರದೇ? ಪ್ರೆಸ್‌ಮೀಟಿನ ಬಾಗಿಲಲ್ಲಿ ಇಳಿಯುವಾಗ ನಾಲ್ಕು ಜನ ತಿರುಗಿ ನೋಡಬೇಕು. ಇಷ್ಟೇ ಸ್ವಾಮಿ ನನ್ನ ಆಸೆ!

ಕಾರಿನ ಹೆಸರು ಬೇಡ. ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ನೂರಿಪ್ಪತ್ತು ಕುದುರೆಗಳ ಶಕ್ತಿ, ನಾಲ್ಕು ಮೀಟರಿನೊಳಗಿನ ಗಿಡ್ಡ ಮೈ, ಜೋಡಿ ಸೈಲೆನ್ಸರ್, ಕೆಂಪು ಹೊಲಿಗೆಯ ಸೀಟು. ಕೆಎ-53 ನಂಬರ್. ವಯಸ್ಸು ಹದಿನಾಲ್ಕು ತಿಂಗಳು, ಓಡಿದ್ದು 9,000 ಕಿ.ಮೀ. ಒಡೆಯ ನನ್ನದೇ ವಯಸ್ಸಿನ ಸಾಫ್ಟ್‌ವೇರ್ ಹುಡುಗ. ಕೆಲಸದ ಮೇಲೆ ಜರ್ಮನಿಗೆ ಹೊರಟಿದ್ದ.

“ಬ್ರೋ, 15 ಲಕ್ಷದ ಕಾರು. 12ಕ್ಕೆ ಕೊಡ್ತಿದೀನಿ. ಹೊಸಾದೇ ಅನ್ಕೊಳ್ಳಿ.”

ಒಂದು ಸುತ್ತು ಓಡಿಸಿದೆ. ಆಕ್ಸಿಲರೇಟರ್ ಒತ್ತಿದ ಕ್ಷಣ ಬೆನ್ನು ಸೀಟಿಗೆ ಅಂಟಿತು. ಮೂರು ಲಕ್ಷ ಲಾಭ! ನಾನಾಗಲೇ ಮನಸ್ಸಿನಲ್ಲಿ ಪ್ರೆಸ್‌ಮೀಟಿಗೆ ಹೊರಟಿದ್ದೆ.

ದುಡ್ಡು? ನನ್ನ ಉಳಿತಾಯ 2 ಲಕ್ಷ, ಸಾಲ 4 ಲಕ್ಷ. ಉಳಿದ 6 ಲಕ್ಷ ಅಪ್ಪನದು. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ 28 ವರ್ಷ ಲೇತ್ ಮುಂದೆ ನಿಂತು ನಿವೃತ್ತರಾದ ಟರ್ನರ್ ನಮ್ಮಪ್ಪ. ಗ್ರಾಚ್ಯುಟಿ, ಪಿ.ಎಫ್. ಎಲ್ಲ ಸೇರಿ ಬಂದದ್ದರಲ್ಲಿ ಮನೆ ರಿಪೇರಿ, ಅಮ್ಮನ ಕಣ್ಣಿನ ಆಪರೇಷನ್ ಕಳೆದು ಉಳಿದದ್ದೇ ಆ ಆರು ಲಕ್ಷ. ಕೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆನೇನೋ. ಕಾಫಿ ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು:

“ಅವನು ಎಷ್ಟು ಕೊಟ್ಟ ಅನ್ನೋದು ಅವನ ಕತೆ ಕಣೋ. ಇವತ್ತು ಹೊಸಾದಕ್ಕೆ ಎಷ್ಟು?”

ಆ ರಾತ್ರಿ ಪೆನ್ನು ಹಿಡಿದು ಕೂತೆ. ಸಿನಿಮಾ ವಿಮರ್ಶೆ ಬರೆದಷ್ಟು ಸುಲಭವಾಗಿರಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ಆ ಕಾರಿನ ಷೋರೂಂ ಬೆಲೆ 12 ಲಕ್ಷ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇಕಡ 17. ಆ ತೆರಿಗೆಯ ಮೇಲೆ ಮತ್ತೆ ಶೇಕಡ 11 ಸೆಸ್. ಅಲ್ಲಿಗೇ 2.26 ಲಕ್ಷ. ವಿಮೆ, ನೋಂದಣಿ ಸೇರಿ ಹತ್ತಿರ ಹತ್ತಿರ 15 ಲಕ್ಷ. ಹುಡುಗ ಸುಳ್ಳು ಹೇಳಿರಲಿಲ್ಲ.

ಆದರೆ 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ಬದಲಾಯಿತು. 1200 ಸಿ.ಸಿ. ಒಳಗಿನ, ನಾಲ್ಕು ಮೀಟರ್ ದಾಟದ ಪೆಟ್ರೋಲ್ ಕಾರಿಗೆ ಸೆಸ್ಸೂ ಸೇರಿ ಶೇಕಡ 29 ಇದ್ದದ್ದು 18ಕ್ಕೆ ಇಳಿಯಿತು. 12 ಲಕ್ಷದ ಕಾರು 11 ಲಕ್ಷವಾಯಿತು. ಬೆಲೆ ಇಳಿದಾಗ ಅದರ ಮೇಲಿನ ರಾಜ್ಯದ ತೆರಿಗೆಯೂ ಇಳಿಯುತ್ತದಲ್ಲ? ಎಲ್ಲ ಸೇರಿ ಇವತ್ತು ಹೊಚ್ಚ ಹೊಸದು ಸುಮಾರು 13.6 ಲಕ್ಷ. ಅಂದರೆ ನನಗೆ ಸಿಗುತ್ತಿದ್ದ ಲಾಭ ಮೂರು ಲಕ್ಷವಲ್ಲ, ಒಂದೂ ಮುಕ್ಕಾಲಿಗಿಂತ ಕಡಿಮೆ! ಅವನ ಕಾರು ಒಂದೇ ರಾತ್ರಿಯಲ್ಲಿ, ಗ್ಯಾರೇಜಿನಲ್ಲಿ ನಿಂತಲ್ಲೇ ಸವೆದಿತ್ತು. ಆ ಸವಕಳಿಯನ್ನು ಅವನು ನನ್ನ ಜೇಬಿನಿಂದ ತುಂಬಿಸಿಕೊಳ್ಳಲು ಹೊರಟಿದ್ದ.

ಇನ್ನೊಂದು ಲೆಕ್ಕ ವಿಮೆಯವರದು. ಕಾರು ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಅವರು ಕೊಡುವ ಹಣಕ್ಕೆ ಒಂದು ಪಟ್ಟಿ ಇದೆ: ಆರು ತಿಂಗಳವರೆಗೆ ಶೇಕಡ 5 ಕಳೆ, ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಅದೂ ವಿಮೆ ಶುರುವಾಗುವ ದಿನದ ಷೋರೂಂ ಬೆಲೆಯ ಮೇಲೆ. 11 ಲಕ್ಷದಲ್ಲಿ ಶೇಕಡ 20 ಕಳೆದರೆ 8.8 ಲಕ್ಷ. ಮಾರುಕಟ್ಟೆ ಇದೇ ಪಟ್ಟಿಯಂತೆ ನಡೆಯುವುದಿಲ್ಲ, ನಿಜ. ಆದರೆ ನಾನು 12 ಲಕ್ಷ ಸುರಿದು, ಇವತ್ತಿನ ಬೆಲೆಗೆ ವಿಮೆ ಮಾಡಿಸಿದ ಕಾರು ಮಾರನೇ ದಿನ ಕಳುವಾದರೆ ಕೈಗೆ ಬರುವುದು ಸುಮಾರು 8.8 ಎಂಬುದೂ ಅಷ್ಟೇ ನಿಜ.

ಸಾಲ? ಹಳೇ ಕಾರಿನ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಹೊಸದಕ್ಕಿಂತ ಜಾಸ್ತಿ. ನನಗೆ ಹೇಳಿದ್ದು ಶೇಕಡ 14. ಐದು ವರ್ಷ, ತಿಂಗಳಿಗೆ 9,307 ರೂಪಾಯಿ. ಸಾಲ ತೀರುವಾಗ ಕಾರಿಗೆ ಆರು ವರ್ಷ ದಾಟಿರುತ್ತದೆ. ತಿಂಗಳಿಗೆ ನಾಲ್ಕು ಲೇಖನ ಅಚ್ಚಾಗದಿದ್ದರೆ ಕಂತು ಕಟ್ಟುವವರು ಯಾರು? ಮತ್ತೆ ಅಪ್ಪನೇ!

ಆದರೂ ಆಸೆ ಬಿಡಲಿಲ್ಲ. ಭಾನುವಾರ ಅಪ್ಪನನ್ನೇ ಕರೆದುಕೊಂಡು ಹೋದೆ. ಅವರು ಸೀಟಿನ ಕೆಂಪು ಹೊಲಿಗೆ ನೋಡಲಿಲ್ಲ, ಹಾಡು ಕೇಳಲಿಲ್ಲ. ಮಂಡಿಯೂರಿ ಕೂತು, ಚಕ್ರದ ಸಂದಿಯಲ್ಲಿ ಕೈ ತೂರಿಸಿ, ಬ್ರೇಕ್ ಡಿಸ್ಕಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

“ತುಟಿ ಎದ್ದಿದೆ,” ಅಂದರು. ಡಿಸ್ಕ್ ಸವೆದಾಗ ಪ್ಯಾಡ್ ತಾಕದ ಅಂಚು ಮಾತ್ರ ಎತ್ತರ ಉಳಿಯುತ್ತದೆ, ಅದೇ ತುಟಿ. ಆಮೇಲೆ ಟೈರಿನ ಮೇಲಿನ ಅಂಕಿ ಓದಿಸಿದರು. ಹಿಂದಿನ ಎರಡರ ಮೇಲೆ ಕೊನೆಯ ಅಂಕಿ 24. ಮುಂದಿನ ಎರಡರ ಮೇಲೆ 2225. ಅಂದರೆ 2025ನೇ ಇಸವಿಯ 22ನೇ ವಾರ ತಯಾರಾದದ್ದು.

“ಏನಪ್ಪಾ, 9,000 ಕಿಲೋಮೀಟರಿಗೆ ಮುಂದಿನ ಟೈರು ಎರಡೂ ಮುಗಿದುಹೋದ್ವಾ?”

ಹುಡುಗ ಒಳ್ಳೆಯವನೇ ಇರಬೇಕು; ಮುಖ ಕೆಂಪಾಯಿತು. ಶಕ್ತಿ ಹೆಚ್ಚಿಸುವ ಟ್ಯೂನಿಂಗ್ ಬಾಕ್ಸ್ ಹಾಕಿಸಿದ್ದು, ನಂದಿ ಬೆಟ್ಟದ ತಿರುವುಗಳಲ್ಲಿ ಬೆಳಗಿನ ಜಾವದ ಪಂದ್ಯ, ಮಾರುವ ಮುಂಚೆ ಬಾಕ್ಸ್ ಬಿಚ್ಚಿಟ್ಟದ್ದು, ಎಲ್ಲ ಹೊರಬಂತು. ಕಂಪನಿಗೆ ಇದು ಗೊತ್ತಾದರೆ ಎಂಜಿನ್ನಿನ ವಾರಂಟಿ ಕೇಳುವ ಬಾಯಿ ನನಗಿರುತ್ತಿರಲಿಲ್ಲ. ಶಕ್ತಿಯ ಕಾರು ಕೊಳ್ಳುವವರು ಕಿಲೋಮೀಟರ್ ಎಷ್ಟು ಅಂತ ಕೇಳಿದರೆ ಸಾಲದು ಗೆಳೆಯರೇ, ಯಾವ ಥರದ ಕಿಲೋಮೀಟರ್ ಅಂತಲೂ ಕೇಳಬೇಕು.

“ಹತ್ತೂವರೆಗೆ ತಗೊಳ್ಳಿ ಅಂಕಲ್,” ಅಂದ.

ಅಪ್ಪ ನನ್ನ ಮುಖ ನೋಡಿದರು. “ದುಡ್ಡು ನಿನ್ನದು ಅಂತ್ಲೇ ಅನ್ಕೋ. ನಿನ್ನಿಷ್ಟ.”

ಶಂಕರ್‌ನಾಗ್ ಅವರ ‘ಆ್ಯಕ್ಸಿಡೆಂಟ್’ ನೆನಪಾಯಿತು. ಶ್ರೀಮಂತರ ಮಗನ ಕಾರು ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹರಿಯುವ 1985ರ ಆ ಚಿತ್ರದಲ್ಲಿ ಶಂಕರ್ ಕಾರಿನೊಳಗಿರಲಿಲ್ಲ. ಪತ್ರಕರ್ತನಾಗಿ ಅದರ ಬೆನ್ನು ಹತ್ತಿದ್ದರು. ಅಷ್ಟು ಸಲ ನೋಡಿಯೂ ನಾನು ಮಾತ್ರ ಕಾರಿನೊಳಗೆ ಕೂರಲು ಹೊರಟಿದ್ದೆ!

“ಬೇಡಪ್ಪ,” ಅಂದೆ. ಹೇಳಲು ಗಂಟಲು ಕಟ್ಟಿತು. ಸುಳ್ಳು ಯಾಕೆ?

ಮೆಟ್ರೋದಲ್ಲಿ ಕೂತಾಗ ಕೇಳಿದೆ: “ವರ್ಕ್‌ಶಾಪಿನಲ್ಲೂ ಸವಕಳಿ ಬರೀತಿದ್ರಾ?”

“ವರ್ಷಾ ವರ್ಷಾ ನೂರಕ್ಕೆ ಹದಿನೈದು ಹೊಡೀತಿದ್ರು.”

ಫೋನಿನಲ್ಲಿ ಲೆಕ್ಕ ಹಾಕಿದೆ. ಒಂದು ಲಕ್ಷದ ಯಂತ್ರ, ಉಳಿದದ್ದರಲ್ಲಿ ವರ್ಷಕ್ಕೆ ಶೇಕಡ 15 ಕಳೆಯುತ್ತಾ ಹೋದರೆ, 28 ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು 1,056 ರೂಪಾಯಿ. ತೋರಿಸಿದೆ. ಅಪ್ಪ ನಕ್ಕರು.

“ಕೊನೇ ದಿನಾನೂ ಬೇರಿಂಗ್ ಕೂರೋ ಜಾಗ ತಿರುಗಿಸಿದ್ದು ಅದರಲ್ಲೇ ಕಣೋ. ಕೂದಲೆಳೆ ವ್ಯತ್ಯಾಸ ಬರಲಿಲ್ಲ. ದುಡಿಯೋ ಯಂತ್ರ ಸವೆದ್ರೆ ಅನ್ನ ಹುಟ್ಟತ್ತೆ. ಆ ಕಾರು ಸವೆದ್ರೆ ಏನು ಹುಟ್ಟತ್ತೆ, ಹೇಳು?”

ನನ್ನ ಬಳಿ ಉತ್ತರವಿರಲಿಲ್ಲ. ಅವರ ಹೆಬ್ಬೆರಳಿನ ತುದಿ ನೋಡುತ್ತಾ ಕೂತೆ. ರೇಖೆಗಳೇ ಅಳಿಸಿಹೋಗಿವೆ. ರೇಷನ್ ಅಂಗಡಿಯ ಬೆರಳಚ್ಚು ಯಂತ್ರ ಅದನ್ನು ಗುರುತು ಹಿಡಿಯಲು ಮೂರು ನಾಲ್ಕು ಸಲ ಒತ್ತಬೇಕು. ಆದರೆ ಡಿಸ್ಕಿನ ತುಟಿಯನ್ನು ಅದು ಒಂದೇ ಸಲಕ್ಕೆ ಹಿಡಿದಿತ್ತು.

ಪೀಣ್ಯಕ್ಕೆ ಹೋಗಲು ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಬೇಕು. ಇಳಿದವರೇ ಅಪ್ಪ ಗಡಿಯಾರ ನೋಡಿಕೊಂಡರು.

“ಯಾವ್ದೋ ಪಿಕ್ಚರ್ ಚೆನ್ನಾಗಿದೆ ಅಂತ ಬರೆದಿದ್ಯಲ್ಲ, ಹತ್ರದಲ್ಲೇ ಓಡ್ತಿದೆಯಾ?”

ಮ್ಯಾಟಿನಿಗೆ ಇನ್ನೂ ಹತ್ತು ನಿಮಿಷವಿತ್ತು. ಕ್ಯೂ ನಿಂತೆವು. ಟಿಕೆಟ್ಟಿಗೆ ದುಡ್ಡು ಈ ಸಲ ನಾನೇ ಕೊಟ್ಟೆ.